ಧನುರ್ಮಾಸದ ಸಂಜೆಗಳಲ್ಲಿ ಕಸೂತಿ, ಕುಸುರೆಳ್ಳು, ಕೌದಿ: ಗಡುವಿಲ್ಲದೆ ಮಾಡುವುದು ಹೇಗೆ?

ಸೂಜಿಮಲ್ಲಿಗೆ, ಧಾರವಾಡ

ಮಾರ್ಗಶಿರ ಹಿಡಿಯಿತೆಂದರೆ ನಮ್ಮ ಧಾರವಾಡದಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಆಮೇಲೆ ಮಲಗುವವರೆಗೆ ಒಂದು ದೊಡ್ಡ ಸಂಜೆ ಕೈಗೆ ಸಿಗುತ್ತದೆ. ಈ ಹೊತ್ತಿನಲ್ಲಿ ಕಸೂತಿ ಹಾಕುವ, ಎಳ್ಳಿನ ಮೇಲೆ ಸಕ್ಕರೆ ಪಾಕದ ಮುಳ್ಳು ಏಳಿಸಿ ಸಂಕ್ರಮಣಕ್ಕೆ ಕುಸುರೆಳ್ಳು ಮಾಡುವ, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ರೂಢಿ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಇತ್ತು. ನನ್ನ ಪರಿಚಯದವರಲ್ಲಿ ಹಲವರು ಈಗ ಅದನ್ನು ಮತ್ತೆ ಹಿಡಿದಿದ್ದಾರೆ ಎಂಬುದು ಸಂತೋಷದ ಸಂಗತಿ. ಆದರೆ ಹಿಡಿದಿರುವ ರೀತಿಯ ಬಗ್ಗೆ ನನಗೆ ಕಳವಳವಿದೆ. ಡಿಸೆಂಬರಿನಲ್ಲಿ ಬಟ್ಟೆ ತರುವುದು, ಸಂಕ್ರಮಣದ ದಿನ ಉಡಲೇಬೇಕೆಂದು ಪಣ ತೊಡುವುದು, ದಿನಕ್ಕಿಷ್ಟು ಹೂವು ಎಂದು ಲೆಕ್ಕ ಬರೆದಿಡುವುದು, ಲೆಕ್ಕ ತಪ್ಪಿದ ದಿನ ಮುಖ ಸಪ್ಪೆ ಮಾಡಿಕೊಂಡು ನಡುರಾತ್ರಿಯವರೆಗೆ ಕೂಡುವುದು, ಹೀಗೆ ಕಚೇರಿಯ ಗಡುವನ್ನೇ ತಂದು ಮನೆಯ ಕೈಕೆಲಸಕ್ಕೂ ಹಚ್ಚುತ್ತಿದ್ದೇವೆ.

ಕಸೂತಿಗೆ ಈ ಅವಸರ ಒಗ್ಗುವುದೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗವಂತಿ ಹೊಲಿಗೆಯನ್ನೇ ನೋಡಿ. ಹೋಗುವಾಗ ಒಂದು ಬಿಟ್ಟು ಒಂದು ಜಾಗವನ್ನು ತುಂಬುತ್ತ ಹೋಗಬೇಕು, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟಬೇಕು. ಬಟ್ಟೆಯ ಮೇಲೆ ಮೊದಲೇ ಬರೆದುಕೊಂಡ ಗೆರೆ ಇರುವುದಿಲ್ಲ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಇಳಿಸಬೇಕು. ಗಂಟು ಹಾಕುವಂತಿಲ್ಲ, ಏಕೆಂದರೆ ಮೇಲ್ಮೈ ಹೇಗಿದೆಯೋ ಹಿಂಬದಿಯೂ ಹಾಗೆಯೇ ಕಾಣಬೇಕು. ನಾಲ್ಕು ಎಳೆಯ ಬದಲು ಐದು ಎಳೆ ದಾಟಿದರೆ ಆ ಕ್ಷಣಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹೊಲಿಯುತ್ತಿರುವ ಗೋಪುರದ ಚಿತ್ರದ ಎಡ ಮಗ್ಗುಲು ಬಲ ಮಗ್ಗುಲಿಗೆ ಕೂಡಬೇಕಾದ ತುದಿಯಲ್ಲಿ ಒಂದು ಎಳೆಯಷ್ಟು ಸಂದು ಉಳಿದಾಗ ಗೊತ್ತಾಗುತ್ತದೆ, ಆಗ ತಪ್ಪಿದ ಕಡೆಯವರೆಗೂ ಬಿಚ್ಚುವುದೊಂದೇ ದಾರಿ. ನಿಧಾನವೆಂಬುದು ಇಲ್ಲಿ ನಾವು ಹೊರಗಿನಿಂದ ತಂದುಕೊಳ್ಳುವ ಗುಣವಲ್ಲ, ಕೆಲಸವೇ ನಮ್ಮಿಂದ ವಸೂಲು ಮಾಡುವ ಸಂಗತಿ. ಹಾಗಿದ್ದ ಮೇಲೆ ಅದಕ್ಕೆ ದಿನಾಂಕ ಕಟ್ಟುವುದು ಏತಕ್ಕೆ?

ಈ ಚಳಿಗಾಲದಲ್ಲಿ ಗಡುವಿಲ್ಲದೆ ಕೈಕೆಲಸ ಮಾಡುತ್ತಿರುವವರು ಮನೆಯಲ್ಲಿ ಅದನ್ನು ಹೇಗೆ ಹೊಂದಿಸಿಕೊಂಡಿದ್ದೀರಿ ಎಂದು ತಿಳಿಯುವ ಆಸೆಯಿದೆ. ಮಾಡುವ ವಿಧಾನವನ್ನೂ ವಿವರವಾಗಿ ಬರೆದರೆ ಇತರರಿಗೆ ಉಪಯೋಗವಾಗುತ್ತದೆ.

ಎರೆಮಣ್ಣು, ವಿಜಯಪುರ

ನಿಮ್ಮ ಮಾತು ಕುಸುರೆಳ್ಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಪೇಟೆಯಲ್ಲಿ ಯಂತ್ರದಲ್ಲಿ ಮಾಡಿದ್ದು ಬೇಕಾದಷ್ಟು ಸಿಗುವಾಗಲೂ ನಮ್ಮ ಮನೆಯಲ್ಲಿ ಕೈಯಿಂದಲೇ ಮಾಡುವುದು ಆ ಕೆಲಸದ ಮೇಲಿನ ಪ್ರೀತಿಗಾಗಿ.

ಬಿಳಿ ಎಳ್ಳನ್ನು ತೊಳೆದು ನೀರು ಪೂರ್ತಿ ಆರುವಂತೆ ಒಣಗಿಸಿಕೊಳ್ಳಬೇಕು, ಸಣ್ಣ ಕಾಳು ಮತ್ತು ಧೂಳು ಹೋಗುವಂತೆ ಜರಡಿ ಹಿಡಿಯಬೇಕು. ಸಕ್ಕರೆ ಪಾಕ ಕುದಿಯುವಾಗ ಒಂದೆರಡು ಚಮಚೆ ಹಾಲು ಬಿಟ್ಟರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಪಾಕ ತೆಳ್ಳಗೇ ಇರಬೇಕು, ಎಳೆ ಬರುವಷ್ಟು ಗಟ್ಟಿಯಾದರೆ ಎಳ್ಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಅಗಲವಾದ ಪರಾತದಲ್ಲಿ ಎಳ್ಳು ಹರವಿ, ಬೂದಿ ಮುಚ್ಚಿದ ಕೆಂಡದ ಮೇಲಿಟ್ಟು, ಒಂದು ಚಮಚೆ ಪಾಕ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಕೈಯಾಡಿಸುತ್ತ ಹೋಗಬೇಕು. ಮೊದಲು ಎಳ್ಳು ಕೈಗೆ ಅಂಟುತ್ತದೆ, ಆಮೇಲೆ ಮರಳಿನಂತೆ ಬಿಡಿಬಿಡಿಯಾಗುತ್ತದೆ, ಪರಾತದ ತಳದಲ್ಲಿ ಸರಸರ ಸಪ್ಪಳ ಕೇಳತೊಡಗುತ್ತದೆ. ಆ ಸಪ್ಪಳ ಬಂದ ಮೇಲೆಯೇ ಎರಡನೆಯ ಚಮಚೆ.

ಮೊದಲ ದಿನ ಇಡೀ ಸಂಜೆ ಕೂತರೂ ಎಳ್ಳಿನ ಮೇಲೆ ಒಂದು ಬಿಳಿ ಪೊರೆ ಕಟ್ಟುತ್ತದೆ, ಅಷ್ಟೇ. ಮುಳ್ಳು ಏಳುವುದು ಆಮೇಲಿನ ದಿನಗಳಲ್ಲಿ. ಉರಿ ಹೆಚ್ಚಾದರೆ ಸಕ್ಕರೆ ಹಳದಿಗೆ ತಿರುಗುತ್ತದೆ, ಜೋರಾಗಿ ಕೈಯಾಡಿಸಿದರೆ ಎದ್ದ ಮುಳ್ಳು ಮುರಿದು ಪುಡಿಯಾಗುತ್ತದೆ, ಮೋಡ ಮುಸುಕಿದ ದಿನ ಮಾಡಿದರೆ ತೇವ ಆರದೆ ಕಾಳು ನುಣ್ಣಗಾಗಿ ಬಿಡುತ್ತದೆ. ಪುಷ್ಯ ಮಾಸದ ಒಣ ಚಳಿಯೇ ಇದಕ್ಕೆ ಬೇಕು. ಹಿರಿಯರು ಇದನ್ನು ಈ ಋತುವಿಗೇ ಇಟ್ಟುಕೊಂಡದ್ದು ಹಬ್ಬದ ಕಾರಣದಿಂದ ಮಾತ್ರವಲ್ಲ ಎಂದು ನನಗೆ ಅನ್ನಿಸುತ್ತದೆ.

ಎಳ್ಳಿನ ಜೊತೆಗೆ ಗಸಗಸೆ, ಏಲಕ್ಕಿ ಕಾಳು, ಕಲ್ಲಂಗಡಿ ಬೀಜ, ಶೇಂಗಾ, ಲವಂಗಗಳಿಗೂ ಹೀಗೆಯೇ ಸಕ್ಕರೆ ಹತ್ತಿಸುತ್ತೇವೆ. ಆ ದೊಡ್ಡ ಕಾಳುಗಳನ್ನು ದಾರಕ್ಕೆ ಕಟ್ಟಿ ಹೊಸ ಮದುಮಗಳಿಗೆ, ಕೂಸುಗಳಿಗೆ ಸರ, ಬಳೆ, ಕಿರೀಟ ಮಾಡುವ ಪದ್ಧತಿ ನಮ್ಮಲ್ಲೂ ಗಡಿಯಾಚೆಯ ಮಹಾರಾಷ್ಟ್ರದಲ್ಲೂ ಇದೆ. ಆದರೆ ಹೊಂದಿಸುವುದರ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು: ಎಷ್ಟು ಎಳ್ಳು ಹಾಕಬೇಕೆಂಬುದನ್ನು ಮೊದಲೇ ಕಡಿಮೆ ಇಟ್ಟುಕೊಳ್ಳಿ. ಒಂದು ಬಟ್ಟಲು ಎಳ್ಳಿಗೆ ಮುಳ್ಳು ಏಳಿಸಿದರೆ ಮನೆಯ ದೇವರಿಗೆ, ಹತ್ತಿರದವರಿಗೆ ಸಾಕಾಗುತ್ತದೆ. ಊರಿಗೆಲ್ಲ ಹಂಚಬೇಕೆಂದು ಸೇರುಗಟ್ಟಲೆ ಎಳ್ಳು ಹಾಕಿದವರೇ ಕಡೆಗೆ ಉರಿ ಹೆಚ್ಚು ಮಾಡುತ್ತಾರೆ.

ಕೊಬ್ಬರಿಗಿಟುಕು, ಮೈಸೂರು

ಎರೆಮಣ್ಣು ಅವರು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಳೇ ಮೈಸೂರಿನ ಕಡೆ ನಮ್ಮ ಧನುರ್ಮಾಸದ ಕೆಲಸ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುವುದು. ಗಿಟುಕಿನ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ಬಿಳಿ ಭಾಗವನ್ನು ಮೊದಲು ತೆಳು ಬಿಲ್ಲೆ ಮಾಡಿ, ಬಿಲ್ಲೆಯನ್ನು ಕಡ್ಡಿ ಮಾಡಿ, ಕಡ್ಡಿಯನ್ನು ಕಡಲೆಗಿಂತ ಚಿಕ್ಕದಾಗಿ ಕತ್ತರಿಸಬೇಕು. ಅಚ್ಚುಬೆಲ್ಲವನ್ನೂ ಅದೇ ಅಳತೆಗೆ ಹೆಚ್ಚಿ ಬಿಸಿಲಿಗೆ ಹರಡಬೇಕು, ಇಲ್ಲದಿದ್ದರೆ ಬೆರೆಸಿದ ಮೇಲೆ ಜಿಗುಟಾಗುತ್ತದೆ. ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು ಸೇರುವುದು ಕೊನೆಗೆ.

ಅಂಗಡಿಯ ಸಿದ್ಧ ಪೊಟ್ಟಣದಲ್ಲಿ ತುಂಡುಗಳು ದಪ್ಪವಾಗಿರುತ್ತವೆ, ಬೆಲ್ಲ ಒಂದು ಕಡೆ ಕೊಬ್ಬರಿ ಒಂದು ಕಡೆ ಬಾಯಿಗೆ ಸಿಗುತ್ತದೆ. ಸಣ್ಣಗೆ ಹೆಚ್ಚಿದಾಗ ಒಂದು ಚಿಟಿಕೆಯಲ್ಲೇ ಐದೂ ಪದಾರ್ಥ ಬರುತ್ತವೆ, ರುಚಿ ಬೇರೆಯೇ ಆಗುತ್ತದೆ. ಆದ್ದರಿಂದ ಇಲ್ಲಿ ನಿಧಾನಕ್ಕೆ ನಾಲಿಗೆಯೇ ಸಾಕ್ಷಿ ಹೇಳುತ್ತದೆ. ನಮ್ಮಲ್ಲಿ ಮಣೆ, ಚಾಕು, ಅಗಲ ತಟ್ಟೆ ನಡುಮನೆಯ ಒಂದು ಮೂಲೆಯಲ್ಲಿ ಹಬ್ಬದವರೆಗೂ ಹಾಗೆಯೇ ಇರುತ್ತವೆ. ಯಾರಿಗೆ ಹೊತ್ತು ಸಿಕ್ಕರೆ ಅವರು ಕೂತು ಒಂದು ಗಿಟುಕು ಮುಗಿಸಿ ಏಳುತ್ತಾರೆ. ಎತ್ತಿಡುವ, ಮತ್ತೆ ತೆಗೆಯುವ ಶ್ರಮ ತಪ್ಪಿದರೆ ಅರ್ಧ ಅವಸರ ಹೋಗುತ್ತದೆ ಎಂಬುದು ನನ್ನ ಅನುಭವ.

ಸಕ್ಕರೆ ಅಚ್ಚಿನ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಅದು ಇದಕ್ಕೆ ವಿರುದ್ಧ ಸ್ವಭಾವದ್ದು. ಪಾಕ ಹದಕ್ಕೆ ಬಂದ ಕೂಡಲೇ ಮರದ ಅಚ್ಚಿಗೆ ಸುರಿಯದಿದ್ದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ವಿರಾಮವಾಗಿ ಮಾಡುವ ಕೆಲಸ ಬೇಕೆನ್ನುವವರು ಕೊಬ್ಬರಿ ಹಿಡಿಯುವುದೇ ಲೇಸು.

ಲೆಕ್ಕದವರು, ಬೆಂಗಳೂರು

ಚರ್ಚೆಯನ್ನು ಆಸಕ್ತಿಯಿಂದ ಓದಿದ್ದೇನೆ, ಆದರೂ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸುತ್ತದೆ. ನಿಧಾನವಾಗಿ ಕೂತು ಮಾಡುವ ಈ ಸಂಜೆ ಯಾರ ಪಾಲಿಗೆ ಸಿಗುತ್ತದೆ? ಬಹುಪಾಲು ಮನೆಗಳಲ್ಲಿ ಅಡಿಗೆ, ಪಾತ್ರೆ, ಮಕ್ಕಳ ಪಾಠ ಮುಗಿದ ಮೇಲೆ ಹೆಂಗಸಿಗೆ ಉಳಿಯುವುದು ದಣಿದ ಕಣ್ಣು ಮತ್ತು ನೋಯುವ ಸೊಂಟ. ಹಿಂದಿನವರು ಸಂತೋಷದಿಂದಲೇ ಇದನ್ನೆಲ್ಲ ಮಾಡುತ್ತಿದ್ದರು ಎಂದು ನಾವು ಸುಲಭವಾಗಿ ಊಹಿಸುತ್ತೇವೆ. ಕೌದಿ ಹೊಲಿದದ್ದು ಕೊಳ್ಳಲು ಕಂಬಳಿ ಇಲ್ಲದ್ದಕ್ಕೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಬುಡ್ಡಿ ದೀಪದಲ್ಲಿ ಸೂಜಿ ಹಿಡಿದದ್ದನ್ನು ವಿರಾಮವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ಕಸೂತಿಯನ್ನೇ ನೆಚ್ಚಿ ಬದುಕುವ ಹೆಣ್ಣುಮಕ್ಕಳು ಧಾರವಾಡ, ಹುಬ್ಬಳ್ಳಿಯ ಸುತ್ತಮುತ್ತ ಇದ್ದಾರೆ. ಅವರಿಗೆ ಕೂಲಿ ಸಿಗುವುದು ಹಾಕಿದ ಕೆಲಸದ ಲೆಕ್ಕದಲ್ಲಿ, ಕೂತ ಹೊತ್ತಿನ ಲೆಕ್ಕದಲ್ಲಿ ಅಲ್ಲ. ನಮಗೆ ನಿಧಾನ ಸುಖವಾದರೆ ಅವರಿಗೆ ಅದೇ ನಷ್ಟ. ಈ ಎರಡನ್ನೂ ಒಟ್ಟಿಗೆ ಕಾಣದೆ ಚಳಿಗಾಲದ ಕೈಕೆಲಸದ ಸೊಗಸನ್ನು ಹೊಗಳುವುದು ಅರ್ಧ ಸತ್ಯವಾಗುತ್ತದೆ.

ಸೂಜಿಮಲ್ಲಿಗೆ, ಧಾರವಾಡ

ಲೆಕ್ಕದವರು ಎತ್ತಿದ ಪ್ರಶ್ನೆ ಈ ಚರ್ಚೆಗೆ ಬೇಕೇ ಬೇಕಾಗಿತ್ತು. ಕೂಲಿಯ ವಿಷಯದಲ್ಲಿ ನನ್ನದೂ ಅದೇ ಅಭಿಪ್ರಾಯ. ಇಳಕಲ್ ಸೀರೆಯೊಂದಕ್ಕೆ ಸೆರಗಿನ ಹತ್ತಿರ ಗೋಪುರ, ರಥ, ಆನೆಯಂಥ ದೊಡ್ಡ ಚಿತ್ರಗಳು, ಕೆಳಗಿಳಿದಂತೆ ಚಿಕ್ಕ ಹೂವು, ಚುಕ್ಕೆ, ಹೀಗೆ ತುಂಬಿಸಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ಒಂದು ಗೋಪುರವನ್ನು ಸ್ವಂತ ಕೈಯಿಂದ ಹಾಕಿದವರು ಅಂಗಡಿಯಲ್ಲಿ ಆ ಸೀರೆಯ ಬೆಲೆ ಕೇಳಿ ಚೌಕಾಸಿಗೆ ಇಳಿಯುವುದಿಲ್ಲ. ನಾನು ಕಂಡ ಮಟ್ಟಿಗೆ ಇದು ನಿಜ. ಮನೆಯಲ್ಲಿ ಹವ್ಯಾಸಕ್ಕಾಗಿ ಕಲಿತವರು ಹೆಚ್ಚಾದಷ್ಟೂ ವೃತ್ತಿಯವರ ಕೆಲಸದ ಬೆಲೆ ತಿಳಿದವರು ಹೆಚ್ಚುತ್ತಾರೆ. ಅದರಿಂದಲೇ ಕೂಲಿ ಏರುತ್ತದೆಂದು ನಾನು ಹೇಳಲಾರೆ, ಆದರೆ ಕೊಳ್ಳುವವರಲ್ಲಿ ಆ ತಿಳಿವಳಿಕೆ ಇಲ್ಲದೆ ಏರುವುದೂ ಕಷ್ಟ.

ಸಂಜೆ ಯಾರ ಪಾಲಿನದು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಚಳಿಗಾಲದ ರಾತ್ರಿಯೂಟಕ್ಕೆ ಒಂದೇ ಪಾತ್ರೆಯ ಅಡಿಗೆ: ಜೋಳದ ನುಚ್ಚು, ಹೆಸರುಬೇಳೆ ಹುಗ್ಗಿ, ಅವರೆಕಾಳು ಬಂದ ಮೇಲೆ ಅದರದೇ ಸಾರು ಮತ್ತು ಬೆಳಿಗ್ಗೆ ಬಡಿದಿಟ್ಟ ರೊಟ್ಟಿ. ಊಟವಾದ ಮೇಲೆ ಅಡಿಗೆಮನೆ ಪೂರ್ತಿ ಗಂಡಸರದು. ಇದನ್ನು ಬಾಯಿಮಾತಿನಲ್ಲಿ ಬಿಡದೆ ಮೊದಲೇ ಕೂತು ನಿರ್ಧರಿಸಬೇಕು. ಕೈಕೆಲಸಕ್ಕೆ ಹೊತ್ತು ಉಳಿದರೆ ಮಾಡೋಣ ಎಂದುಕೊಂಡರೆ ಹೊತ್ತು ಉಳಿಯುವುದಿಲ್ಲ. ಮನೆಯ ಕೆಲಸ ಹಂಚಿಕೆಯಾಗದ ಮನೆಯಲ್ಲಿ ನಿಧಾನದ ಮಾತಾಡುವುದು ಅನ್ಯಾಯ ಎಂಬಲ್ಲಿ ನಿಮ್ಮ ಜೊತೆ ನಾನಿದ್ದೇನೆ.

ಘಟ್ಟದಂಚು, ಯಲ್ಲಾಪುರ

ಕೌದಿಯ ಬಗ್ಗೆ ಲೆಕ್ಕದವರು ಹೇಳಿದ್ದರಲ್ಲಿ ನಿಜವಿದೆ, ಆದರೆ ಅಷ್ಟಕ್ಕೇ ನಿಲ್ಲಬಾರದು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲ್ಲೂಕುಗಳಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅವರು ಕವಂದಿ ಎನ್ನುತ್ತಾರೆ. ತಳಕ್ಕೆ ಒಂದು ಹಳೆಯ ಸೀರೆ ಹರವಿ, ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಹಳೆಯ ಬಟ್ಟೆಯ ತುಂಡುಗಳನ್ನು ಮಡಚಿ ಇಡುತ್ತ, ಸಾಲು ಸಾಲಾಗಿ ಸುತ್ತ ಹೊಲಿಯುತ್ತ ನಡುವಿನ ಕಡೆಗೆ ಬರುತ್ತಾರೆ. ಚೌಕಟ್ಟು ಬೇಕಿಲ್ಲ, ಮೊದಲೇ ಬರೆದ ನಕ್ಷೆಯೂ ಇಲ್ಲ. ಯಾವ ಕೆಂಪಿನ ಪಕ್ಕ ಯಾವ ಹಸಿರು ಎಂಬುದು ಆಯಾ ತುಂಡು ಕೈಗೆ ಬಂದಾಗ ತೀರ್ಮಾನವಾಗುತ್ತದೆ. ಮುಗಿಯುವಾಗ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಕಟ್ಟುತ್ತಾರೆ. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬತ್ತಲೆ.

ಆ ಹೂವಿನಿಂದ ಚಳಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಬಡತನ ಕೌದಿಗೆ ಕಾರಣವಿರಬಹುದು, ಆದರೆ ಆ ಮೂಲೆಯ ಹೂವಿಗೆ, ಬಣ್ಣದ ಆಯ್ಕೆಗೆ ಬಡತನ ಕಾರಣವಲ್ಲ. ಕಷ್ಟದಲ್ಲಿ ಮಾಡಿದವರಿಗೂ ಚೆಂದದ ಹಂಬಲವಿತ್ತು, ಮಾಡುವಾಗಿನ ಆನಂದವೂ ಇತ್ತು. ಅದನ್ನು ಅವರಿಂದ ಕಿತ್ತುಕೊಳ್ಳುವುದೂ ಸರಿಯಲ್ಲ.

ಚಳಿಯಲ್ಲಿ ಕೌದಿ ಹೊಲಿಯುವುದರಲ್ಲಿ ಇನ್ನೊಂದು ಸುಖವಿದೆ. ಅರ್ಧ ಮುಗಿದ ಕೌದಿ ಹೊಲಿಯುವವರ ಕಾಲ ಮೇಲೇ ಬಿದ್ದಿರುತ್ತದೆ, ಹೊಲಿಗೆ ಮುಂದುವರಿದಷ್ಟೂ ಬೆಚ್ಚಗಾಗುತ್ತ ಹೋಗುತ್ತದೆ. ಹೊಸದಾಗಿ ಹಿಡಿಯುವವರಿಗೆ ಒಂದೇ ಸೂಚನೆ: ಹತ್ತಿಯ ಹಳೆ ಬಟ್ಟೆಯನ್ನೇ ಆರಿಸಿಕೊಳ್ಳಿ. ಪಾಲಿಯೆಸ್ಟರ್ ಸೀರೆ ಪದರಗಳ ನಡುವೆ ಜಾರುತ್ತದೆ, ಸೂಜಿಯನ್ನೂ ಸುಲಭವಾಗಿ ಬಿಡುವುದಿಲ್ಲ. ಮೊದಲ ಸಲಕ್ಕೆ ತೊಟ್ಟಿಲ ಕೂಸಿಗೆ ಸಾಕಾಗುವಷ್ಟು ಅಳತೆ ಸಾಕು.

ಹಿಮದೂರು, ಮಿನಿಯಾಪೊಲಿಸ್

ಅಮೆರಿಕದ ಈ ಭಾಗದಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ವಾರಗಟ್ಟಲೆ ಹೊರಗಿನ ಉಷ್ಣಾಂಶ ಸೊನ್ನೆಗಿಂತ ಕೆಳಗಿರುತ್ತದೆ. ಇಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಚಳಿಗಾಲದ ಸಂಜೆಯನ್ನು ಹೇಗೆ ಕಳೆಯಬೇಕೆಂಬುದು ದೊಡ್ಡ ಪ್ರಶ್ನೆಯೇ. ನಾವು ಕುಸುರೆಳ್ಳು ಹಿಡಿದಿದ್ದೇವೆ. ಎರೆಮಣ್ಣು ಅವರು ಹೇಳಿದ ಒಣ ಹವೆ ನಮಗೆ ತಾನಾಗಿಯೇ ಸಿಗುತ್ತದೆ, ಏಕೆಂದರೆ ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನಂಶ ತೀರ ಕಡಿಮೆ, ಅದನ್ನು ಮನೆಯೊಳಗೆ ಕಾಯಿಸಿದಾಗ ಇನ್ನೂ ಒಣಗಿದಂತಾಗುತ್ತದೆ. ತುಟಿ ಒಡೆಯುವ ಈ ಗಾಳಿಯಲ್ಲಿ ಎಳ್ಳಿನ ಮೇಲಿನ ಪಾಕ ಬೇಗ ಆರುತ್ತದೆ, ಮುಳ್ಳು ಚೆನ್ನಾಗಿ ಏಳುತ್ತದೆ.

ತೊಂದರೆ ಇದ್ದದ್ದು ಬೆಂಕಿಯದು. ವಿದ್ಯುತ್ ಒಲೆಯ ಸುರುಳಿ ಒಮ್ಮೆ ಕೆಂಪಾಗಿ ಒಮ್ಮೆ ಆರುತ್ತಿರುತ್ತದೆ, ಕೆಂಡದಂತೆ ಒಂದೇ ಸಮ ಇರುವುದಿಲ್ಲ. ಅದಕ್ಕೆ ದಪ್ಪನೆಯ ಕಬ್ಬಿಣದ ಹಂಚನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಪರಾತ ಇಡುತ್ತೇವೆ. ಹಂಚು ಆ ಏರಿಳಿತವನ್ನು ನುಂಗಿಕೊಂಡು ಸಮನಾದ ಬಿಸಿ ಕೊಡುತ್ತದೆ. ಅಂಗೈಯನ್ನು ಪರಾತದ ತಳಕ್ಕೆ ಹಚ್ಚಿದರೆ ಹಿತವಾಗಿ ಸುಡಬೇಕು, ಕೈ ಎಳೆದುಕೊಳ್ಳುವಷ್ಟು ಇರಬಾರದು.

ಗಡುವಿನ ವಿಷಯಕ್ಕೆ ನಾನು ಸೇರಿಸುವುದು ಒಂದಿದೆ. ದಿನದಿನದ ಪ್ರಗತಿಯ ಚಿತ್ರ ತೆಗೆದು ಬಳಗದವರಿಗೆ ಕಳಿಸುವ ರೂಢಿಯನ್ನು ನಮ್ಮ ಮನೆಯಲ್ಲಿ ಕೈಬಿಟ್ಟೆವು. ಯಾರಾದರೂ ನೋಡುತ್ತಾರೆ ಎಂಬ ಎಣಿಕೆ ಬಂದ ಕೂಡಲೇ ಇಂದು ಏನಾದರೂ ತೋರಿಸುವಂಥದ್ದು ಆಗಲೇಬೇಕು ಎನಿಸುತ್ತದೆ. ಕುಸುರೆಳ್ಳಿನಲ್ಲಿ ಮೊದಲ ಸಂಜೆಗಳಲ್ಲಿ ತೋರಿಸುವಂಥದ್ದು ಏನೂ ಇರುವುದಿಲ್ಲ. ಫೋನು ಬೇರೆ ಕೋಣೆಯಲ್ಲಿ ಇದ್ದಾಗ ಮಕ್ಕಳಿಗೂ ಪರಾತದ ಸಪ್ಪಳ ಬದಲಾದದ್ದು ಕಿವಿಗೆ ಬೀಳುತ್ತದೆ, ಈಗ ಎರಡನೆಯ ಚಮಚೆಯ ಹೊತ್ತು ಯಾವುದೆಂದು ಅವರೇ ಹೇಳುತ್ತಾರೆ.

ಹೊಸ ಕಲಿಕೆ, ಹುಬ್ಬಳ್ಳಿ

ನಾನು ಗಂಡಸು, ವಯಸ್ಸು ನಲವತ್ತು ದಾಟಿದೆ, ಕಸೂತಿ ಕಲಿಯುವ ಆಸೆ ಬಹಳ ದಿನಗಳಿಂದ ಇದೆ. ಈ ಚರ್ಚೆ ಓದಿದ ಮೇಲೆ ಈ ಚಳಿಗಾಲದಲ್ಲೇ ಕೂಡಬೇಕೆಂದು ನಿಶ್ಚಯಿಸಿದ್ದೇನೆ. ಹತ್ತಿರದ ಅಕ್ಷರಕ್ಕೆ ಕನ್ನಡಕ ಬಂದಿದೆ. ನೇರವಾಗಿ ಇಳಕಲ್ ಸೀರೆಯ ಮೇಲೆ ಪ್ರಾರಂಭಿಸಬಹುದೇ? ಮುರ್ಗಿ, ನೇಯ್ಗಿ, ಮೆಂತೆ ಎಂದೆಲ್ಲ ಕೇಳಿದ್ದೇನೆ, ಯಾವುದರಿಂದ ಶುರು ಮಾಡಲಿ? ಗಂಟು ಹಾಕದೆ ದಾರ ನಿಲ್ಲುವುದು ಹೇಗೆಂಬುದೇ ನನಗೆ ಬಗೆಹರಿದಿಲ್ಲ.

ಸೂಜಿಮಲ್ಲಿಗೆ, ಧಾರವಾಡ

ನೀವು ಕೂಡುತ್ತಿರುವುದು ಕೇಳಿ ಬಹಳ ಸಂತೋಷವಾಯಿತು. ಸೀರೆ ಈಗಲೇ ಬೇಡ. ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಎಂದು ಕೇಳಿ. ಅದರ ನೇಯ್ಗೆ ದಪ್ಪವಾಗಿ ಚೌಕಚೌಕವಾಗಿ ಕಾಣುವುದರಿಂದ ಎಣಿಸಲು ಕಣ್ಣಿಗೆ ಶ್ರಮವಿಲ್ಲ. ತಿಳಿ ಬಣ್ಣದ ಬಟ್ಟೆ, ಗಾಢ ಬಣ್ಣದ ದಾರ ತೆಗೆದುಕೊಳ್ಳಿ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಎರಡನ್ನು ಬೇರ್ಪಡಿಸಿ ಬಳಸಿ. ಮೊಂಡು ತುದಿಯ ಸೂಜಿ ಇರಲಿ, ಚೂಪಾದದ್ದು ಎಳೆಯನ್ನೇ ಸೀಳುತ್ತದೆ. ದಾರವನ್ನು ಬೆರಳ ತುದಿಯಿಂದ ಮೊಣಕೈಗಿಂತ ಸ್ವಲ್ಪ ಹೆಚ್ಚು ಉದ್ದ ಮಾತ್ರ ಕತ್ತರಿಸಿಕೊಳ್ಳಿ, ಉದ್ದವಾದರೆ ಸಿಕ್ಕಾಗುತ್ತದೆ, ಎಳೆದೆಳೆದು ನವೆಯುತ್ತದೆ.

ಗವಂತಿಯಿಂದಲೇ ಪ್ರಾರಂಭಿಸಿ. ಮುರ್ಗಿಯೂ ಅದೇ ಜಾತಿಯದು, ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತ ಹೋಗುತ್ತದೆ. ಗವಂತಿ ಕೈಗೆ ಹತ್ತಿದರೆ ಅದು ತಾನಾಗಿ ಬರುತ್ತದೆ. ನೇಯ್ಗಿ ನೋಡಲು ನೇಯ್ದಂತೆ ಕಾಣುವ ಉದ್ದುದ್ದದ ಹೊಲಿಗೆ, ಅದಕ್ಕೆ ಹೆಚ್ಚು ಎಣಿಕೆ ಬೇಕು, ಹಿಂಬದಿಯೂ ಮುಂಬದಿಯಂತೆ ಬರುವುದಿಲ್ಲ. ಮೆಂತೆ ಅಡ್ಡಡ್ಡ ಕತ್ತರಿ ಹೊಲಿಗೆ, ತುಂಬುವುದಕ್ಕೆ ಬಳಸುತ್ತೇವೆ. ಇವೆರಡನ್ನೂ ಮುಂದಿನ ಚಳಿಗಾಲಕ್ಕೆ ಇಟ್ಟುಕೊಂಡರೂ ನಡೆಯುತ್ತದೆ.

ಗಂಟಿನ ಪ್ರಶ್ನೆಗೆ ಉತ್ತರ: ದಾರದ ತುದಿಯನ್ನು ಎರಡು ಬೆರಳಿನಗಲ ಹಾಗೆಯೇ ಬಿಟ್ಟು, ಎಡಗೈ ಹೆಬ್ಬೆರಳಿನಿಂದ ಅದನ್ನು ಬಟ್ಟೆಗೆ ಒತ್ತಿ ಹಿಡಿದು ಹೊಲಿಗೆ ಶುರು ಮಾಡಿ. ಹೋಗಿ ತಿರುಗಿ ಬಂದು ಹೊರಟಲ್ಲಿಗೆ ಮುಟ್ಟಿದ ಮೇಲೆ, ಬಿಟ್ಟ ತುದಿಯನ್ನು ಸೂಜಿಗೆ ಪೋಣಿಸಿ ಹಾಕಿದ ಹೊಲಿಗೆಗಳ ಅಡಿಯಲ್ಲೇ ನಾಲ್ಕೈದು ಸಲ ನುಸುಳಿಸಿ ಕತ್ತರಿಸಿ. ಮುಗಿಸುವ ತುದಿಗೂ ಹೀಗೆಯೇ. ಹೊಲಿಗೆ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಬಟ್ಟೆ ಸುಕ್ಕುಗಟ್ಟಿದರೆ ಎಳೆದದ್ದು ಹೆಚ್ಚಾಯಿತೆಂದು ತಿಳಿಯಿರಿ.

ದೀಪ ಎಡಗಡೆಯಿಂದ ಬೀಳುವಂತೆ ಕೂತರೆ ಬಲಗೈಯ ನೆರಳು ಎಳೆಗಳ ಮೇಲೆ ಬರುವುದಿಲ್ಲ. ಮುಂದೆ ಎಂದಾದರೂ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಹಾಕುವ ಮನಸ್ಸಾದರೆ ಅದನ್ನು ರಾತ್ರಿ ಹಿಡಿಯಬೇಡಿ, ರವಿವಾರ ಮುಂಜಾನೆಯ ಬಿಸಿಲಿಗೆ ಕೂತು ಮಾಡಿ. ಮಡಿಲಲ್ಲಿ ಒಂದು ಬಿಳಿ ಬಟ್ಟೆ ಹರವಿಕೊಂಡರೆ ಕಪ್ಪು ನೇಯ್ಗೆಯ ಸಂದುಗಳು ಬೆಳ್ಳಗೆ ಕಾಣಿಸಿ ಎಣಿಕೆ ಸಲೀಸಾಗುತ್ತದೆ.